ನಳಿಗಿಯ ಆಚೆ

ಮಗ್ಗದ ಸಪ್ಪಳ ಸುರುವಾಗೂಕಿಂತ ಮೊದಲ ಎಬ್ಬಸತೀನಿ.
ಕಣ್ಣು ಬಿಡಾಕ ಬರತಿದ್ದಿಲ್ಲ ಅವಗ, ರೆಪ್ಪಿ ಎರಡೂ
ನೆನಿಹಾಕಿದ ಅವರೀಕಾಳಿನಂಗ ಉಬ್ಬಿರತಿದ್ದವು.
'ಚೌಡೇಶಾ, ಮೊದಲನೇದ ಬೇಕು, ಚೆಲ್ಲಬ್ಯಾಡ' ಅಂದು
ಲೋಟಾ ಹಿಡೀತೀನಿ.

ಅತ್ತಿ ಒಲಿ ಮುಟ್ಟಗೊಡಂಗಿಲ್ಲ.
ಅದಕ್ಕ ಮಸಿಬಾಟ್ಲಿ ಮುಚ್ಚಳಕ್ಕ ತೂತು ಹಾಕಿ, ಬತ್ತಿ ತೂರಿಸಿ
ನಂದ ಒಂದು ದೀಪಾ ಮಾಡಿಕೊಂಡೀನಿ, ಬಚ್ಚಲದಾಗ.
ಗಾಜಿನ ನಳಿಗಿ ಓರೆ ಹಿಡದು
ಮ್ಯಾಲಿನ ಅರ್ಧಾ ಅಷ್ಟ ಕಾಸಬೇಕು.
ಕುದೀತಂದ್ರ ಮೋಡ ಏಳತೈತಿ.
ಆವಾಗ ಮೂರು ಹನಿ ವಿನೆಗರ್.
ಗೋಬಿ ಗಾಡಿ ಮೈಲಾರಿ ಕೊಟ್ಟದ್ದು, ರೊಕ್ಕಾ ತಗೊಳ್ಳಲಿಲ್ಲ,
ಯಾತಕ್ಕಂದ, ಉಪ್ಪಿನಕಾಯಿಗೆ ಅಂದೆ.
ಮೋಡ ಕರಗಿದ್ರ ಬರೇ ಉಪ್ಪು, ಚಿಂತಿಲ್ಲ.
ಉಳದ್ರ
ಅದು ನನ್ನ ಮಗನ ರಗತದಾಗ ಇರಬೇಕಾದದ್ದು.

ಡಾಕ್ಟರಬಾಯಿ ಚೀಟಿ ಹಿಂದ ಚಿತ್ರಾ ತಗದು ಹೇಳಿದ್ರು:
ಪ್ರೋಟೀನು ಅಂದ್ರ ಬರೇ ಬ್ಯಾಳಿ, ಹಾಲು ಅಲ್ಲವಾ,
ಮಣಿ ಪೋಣಿಸಿದ ಎಳಿ ಅದು, ತನ್ನಷ್ಟಕ್ಕ ತಾ ಮಡಚಿಕೊಂಡು
ಕೆಲಸಕ್ಕ ನಿಲ್ಲತೈತಿ. ಉಸರು ಹೊರೂದು ಒಂದು,
ಜ್ವರದ ಕೂಡ ಜಗಳಾಡೂದು ಇನ್ನೊಂದು.
ರಗತದಾಗ ನೀರು ಹಿಡದಿಡೂದು ಒಂದೈತಿ,
ನಿಮ್ಮ ಹುಡುಗಂದು ಅದ ಸೋರಾಕ ಹತ್ತೈತಿ.
ಕಿಡ್ನಿ ಜರಡಿ ಸಡಲ ಆಗೈತಿ.

ಹಣಗಿ ಹಲ್ಲು ಮುರದಂಗೇನ್ರಿ, ಅಂದೆ.
ಅವರು ನಕ್ಕು, ನಿಮ್ಮ ರೇಷ್ಮಿನೂ ಅದ ಜಾತಿ ಅಂದ್ರು.
ಮನಿಗೆ ಬಂದು ಎಳಿ ಒಂದು ಹಲ್ಲಾಗ ಕಚ್ಚಿ ನೋಡಿದೆ.
ಹದಿನೆಂಟು ವರ್ಷ ಕೈಯಾಡಿಸೀನಿ,
ಮೈಯಾಗಿನ ಬಳಗ ಅಂತ ಗೊತ್ತಿರಲಿಲ್ಲ.

ತತ್ತಿ ಕೊಡ್ರಿ ಅಂದಿದ್ರು. ನಮ್ಮ ಮನ್ಯಾಗ ಹೆಸರು ತಗಿಯಂಗಿಲ್ಲ.
ಹಿಂದಿನ ಓಣಿ ಹುಸೇನಬಿ, 'ಕರಕೊಂಡು ಬಾ' ಅಂದ್ಲು.
ಆಕಿ ಹಂಚಿನ ಮುಂದ ನಾ ಮೊದಲ ಸಲ ಕಂಡದ್ದು:
ನೀರಿನಂಗ ತಿಳಿ ಇದ್ದದ್ದು ಬೆಂಕಿ ತಾಗಿದ ಕೂಡಲೆ ಬೆಳ್ಳಗಾತು.
ಬೆಳ್ಳಗಾದದ್ದು ಮತ್ತ ತಿಳಿ ಆಗಲಿಲ್ಲ.
ಹುಡುಗ ಎರಡು ತಿಂದು ಬಾಯಿ ಒರಸಿಕೊಂಡ.
ನಾ ಹಂಚು ನೋಡಕೋತ ನಿಂತೆ.

ಅಳತಿ ಹಿಂಗ: ನಳಿಗಿ ಹಿಂದ ಪೇಪರ್ ಹಿಡಿ.
ಮಬ್ಬಿನಾಗೂ ಅಕ್ಷರ ಓದಾಕ ಬಂದ್ರ ಒಂದು.
ಕರೀ ಗೆರಿ ಅಷ್ಟ ಕಂಡ್ರ ಎರಡು. ಏನೂ ಕಾಣಲಿಲ್ಲಾ, ಮೂರು.
ಸೀರಿ ಲೆಕ್ಕದ ವಹಿಯಾಗ, ಬುಟ್ಟಾ ಸೆರಗಿನ ಬಾಜೂಕ
ಬರದೀನಿ: ಮೂರು. ಮೂರು. ಮೂರು.
ಗುಳಿಗಿ ಸುರುವಾದ್ವು, ಹಸಿವಿ ಹೆಚ್ಚಾತು, ಮಾರಿ ಹುಣ್ಣಿಮಿ ಆತು,
ಸಾಲ್ಯಾಗ ಹುಡುಗರು ಬೂಂದಿಲಾಡು ಅಂದ್ರಂತ.
ಮೂರು. ಎರಡು. ಎರಡು. ಒಂದು.
ದೀಪಾವಳಿ ದಿನ ಬರದಿಲ್ಲ. ಮನಸಾಗಲಿಲ್ಲ.
ಎರಡು. ಒಂದು.

ಇವತ್ತು ಮೋಡ ಎದ್ದು, ಮೂರು ಹನಿಗೆ ಹೋತು.
ನಳಿಗಿ ಬೆಳಕಿಗೆ ಹಿಡದೆ. 'ಓದೋ' ಅಂದೆ.
ಒಂದು ಕಣ್ಣು ಮುಚ್ಚಿ, ಕೂಡಿಸಿ ಕೂಡಿಸಿ ಓದಿದ:
'ಬೆಟ...ಗೇರಿಗೆ ನಾ...ಳೆಯೂ ನೀರು ಇಲ್ಲ.'
ಹನ್ನೆರಡು ದಿನಾ ಆತು ನಳಾ ಬಂದು.
ಒಳಗ ಅವರು ಲಾಳಿ ಬಿಟ್ಟು ಬೈಯಾಕ ಹತ್ತಿದ್ರು.
ನಾ ನಗಾಕ ಹತ್ತಿದೆ.
ವಹಿ ತಗದು ಬರದೆ: ಇಲ್ಲ.

ಮೂರು ದಿನಾ ಬಿಡದ 'ಇಲ್ಲ' ಬಂದ್ರ ಫೋನ್ ಮಾಡ್ರಿ ಅಂದಾರ.
ಇದು ಮೊದಲನೇದು.
ಕೊಡಾ ಹಿಡಕೊಂಡು ಹುಸೇನಬಿ ಬೋರಿನ ಕಡೆ ಹೊಂಟೆ.
ಹಿಂದಿಂದ ಅವನೂ, ಕಂಡ ಬೋರ್ಡೆಲ್ಲಾ ಓದಕೋತ.