ನಾಲ್ಕು ಡಿಗ್ರಿ

ಹುಣಸೆಕೊಪ್ಪಲಿನ ಆಸ್ಪತ್ರೆಯಲ್ಲಿ
ಏಳು ವರ್ಷ ನಾಲ್ಕೇ ಡಿಗ್ರಿ.
ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು,
ಶಿವರಾತ್ರಿಯ ಚಳಿಗೆ ನಾಲ್ಕು, ಯುಗಾದಿಯ ಸೆಕೆಗೆ ನಾಲ್ಕು,
ಟ್ರಾನ್ಸ್‌ಫಾರ್ಮರ್ ಸುಟ್ಟು ಊರಿಗೂರೇ
ಮೂರು ರಾತ್ರಿ ಬುಡ್ಡಿ ಹಚ್ಚಿ ಉಂಡಾಗಲೂ
ನಾಲ್ಕು.

ಲಸಿಕೆ ಪೆಟ್ಟಿಗೆಯ ಮೇಲೊಂದು ಹಾಳೆ,
ತಿಂಗಳಿಗೆ ಅರವತ್ತು ಮನೆ,
ಅರವತ್ತರಲ್ಲೂ ಒಂದೇ ಅಂಕಿಯ ಸಂಸಾರ.
ನಾನು ಕೆಲಸಕ್ಕೆ ಸೇರಿದ ದಿನ ಚಿಕ್ಕತಾಯಮ್ಮ ಸಿಸ್ಟರ್
ಪೆನ್ನು ಕೈಗಿಟ್ಟು ಹೇಳಿದ್ದು ಇಷ್ಟು:
"ಎರಡುಕ್ಕಿಂತ ಕೆಳಗೆ ಬರೀಬ್ಯಾಡ, ಎಂಟುಕ್ಕಿಂತ ಮ್ಯಾಲೆ ಬರೀಬ್ಯಾಡ.
ಬರುದ್ರೆ ಮೆಮೊ ಬತ್ತದೆ ಕಣವ್ವ,
ಜನರೇಟ್ರು ಬರಾಕಿಲ್ಲ."

ಥರ್ಮಾಮೀಟರ್ ನೋಡುತ್ತಿರಲಿಲ್ಲ ಅಂತಲ್ಲ.
ದಿನಾ ನೋಡುತ್ತಿದ್ದೆವು, ಕಣ್ಣು ಕಿರಿದು ಮಾಡಿ,
ಬೆಳಕಿಗೆ ಹಿಡಿದು.
ನೋಡುವುದು ಒಂದು ಕೆಲಸ,
ಬರೆಯುವುದು ಇನ್ನೊಂದು.

ಆ ಕಾರ್ತೀಕದಲ್ಲಿ ಮೂರು ಕಾರು ಬಂದವು.
ವ್ಯವಸ್ಥೆಯ ಸುಧಾರಣೆಯಂತೆ, ಅದರ ಅಧ್ಯಯನವಂತೆ.
ಜವರಯ್ಯ ಹಿಂದಿನ ರಾತ್ರಿಯೇ ಮೆಟ್ಟಿಲಿಗೆ ಸುಣ್ಣ ಬಳಿದಿದ್ದ,
ಅದು ಅವರ ಬೂಟಿಗೆ ಅಂಟಿಕೊಂಡು ಒಳಗೆಲ್ಲ ಓಡಾಡಿತು.
ಅವರಲ್ಲೊಬ್ಬಳು, ನರೆಗೂದಲಿನವಳು,
ಆಫ್ರಿಕಾದಲ್ಲಿ ನಾಲ್ಕು ವರ್ಷ ಇದ್ದವಳು,
ಒಂದು ದೊಡ್ಡ ದೇಶ ಒಡೆದು ಚೂರಾದಾಗ
ಆ ಚೂರೊಂದರಲ್ಲಿ ಆಸ್ಪತ್ರೆ ಎಣಿಸಿದವಳು,
ನಮ್ಮ ಹಾಳೆಯ ಮೇಲೆ ಬೆರಳು ಜಾರಿಸಿದಳು
ಮೇಲಿನಿಂದ ಕೆಳಕ್ಕೆ, ಮೆಲ್ಲಗೆ,
ಕೂಸಿನ ಬೆನ್ನು ಸವರುವ ಹಾಗೆ.
ಮತ್ತೆ ನಕ್ಕಳು. ಜೊತೆಗಿದ್ದವರು ಕನ್ನಡ ಮಾಡಿ ಹೇಳಿದರು:
"ಅಲ್ಲೂ ನಾಲ್ಕೇ ಅಂತೆ."

ನನಗೆ ನಾಚಿಕೆಯಾಯಿತೋ,
ದೂರದಲ್ಲಿ ಯಾರೋ ಅಕ್ಕ ತಂಗಿ ಇದ್ದಾರೆಂಬ ಸಮಾಧಾನವೋ,
ಇವತ್ತಿಗೂ ತಿಳಿಯದು.

ಅವರು ಹೋದ ವಾರಕ್ಕೆ ಕಬ್ಬಿನ ಟ್ರ್ಯಾಕ್ಟರು
ನಾಲೆ ಏರಿಯ ಕಂಬಕ್ಕೆ ಗುದ್ದಿತು.
ಲೈನ್‌ಮನ್ ಸಿದ್ದಪ್ಪಾಜಿ ಬಂದ, ನೋಡಿದ,
ಮದ್ದೂರಿಂದ ಕಂಬ ಬರಬೇಕೆಂದು ಹೇಳಿ ಹೋದ.
ಹತ್ತೊಂಬತ್ತು ಗಂಟೆ.
ಐಸ್‌ಪ್ಯಾಕು ಕರಗಿ ನೀರಾಗಿ
ಪೆಟ್ಟಿಗೆಯ ಹೊಟ್ಟೆಯಲ್ಲಿ ಕುಲುಕುತ್ತಿತ್ತು.

ಪೆನ್ನು ತೆಗೆದೆ.
ಯಾಕೋ ಶಶಿರೇಖಳ ಮಗು ಕಣ್ಣಿಗೆ ಬಂತು.
ಎರಡು ಸಲ ಸೂಜಿ ಹಾಕಿಸಿಕೊಂಡೂ ದಡಾರ ಎದ್ದ ಮಗು.
ಬಾಗಿಲಿಗೆ ಬೇವು ಸಿಕ್ಕಿಸಿ, ಕಾರ್ಡು ಹಿಡಿದು ಬಂದು
ಅವಳು ಜಗಳ ಮಾಡಲಿಲ್ಲ, ಕೇಳಿದಳು ಅಷ್ಟೇ:
"ಆಕ್ಸಿದ್ನಲ್ಲ ಸಿಸ್ಟ್ರೆ, ನೀವೇ ತಾನೇ ಆಕಿದ್ದು?"
ಕಾರ್ಡಿನ ಮನೆಯೆಲ್ಲ ತುಂಬಿತ್ತು.
ನನ್ನದೇ ಸಹಿ. ನನ್ನದೇ ದುಂಡು ಅಕ್ಷರ.

ರೂಢಿಯ ಕೈ ನಾಲ್ಕನ್ನೇ ಬರೆಯಿತು.
ಆಮೇಲೆ ಅದರ ಎಡಗಡೆ
ಒಂದು ಗೀಟು ಎಳೆದೆ.
ಹದಿನಾಲ್ಕು.

ಇನ್ನೂರ ಹನ್ನೆರಡು ಡೋಸು ಗುಂಡಿಗೆ ಹೋಯಿತು.
ನನಗೆ ಮೆಮೊ, ಡಾಕ್ಟರಿಗೆ ಮೆಮೊ,
ನನ್ನ ಇನ್‌ಕ್ರಿಮೆಂಟು ಅಲ್ಲೇ ನಿಂತಿತು, ಈಗಲೂ ನಿಂತಿದೆ.
ಮಂಡ್ಯದ ಕಚೇರಿಯಲ್ಲಿ ಒಬ್ಬರೂ
ಯಾಕೆ ಹದಿನಾಲ್ಕಾಯಿತು ಎನ್ನಲಿಲ್ಲ,
ಯಾಕೆ ಬರೆದೆ ಎಂದರು.
"ಒಂದ್ ಗೀಟ್ಗೆ ಇಷ್ಟೊಂದಾ" ಎಂದು ಜವರಯ್ಯ
ಗುಂಡಿಗೆ ಮಣ್ಣೆಳೆಯುತ್ತಾ ಉಗುಳಿದ.

ಎಂಟು ತಿಂಗಳಿಗೆ ಹೊಸ ಹಾಳೆಗಳ ಕಟ್ಟು ಬಂತು.
ಯಾರು ಹೇಳಿದರೋ, ಎಲ್ಲಿ ಸಭೆ ಸೇರಿತೋ.
ಡಿಗ್ರಿಯ ಪಕ್ಕಕ್ಕೆ ಬೆರಳಗಲವೂ ಇಲ್ಲದ ಅಂಕಣ:
ಕರೆಂಟ್ ಇಲ್ಲದ ಗಂಟೆ.
ಜನರೇಟರು ಬಂದಿಲ್ಲ. ಆ ಅಂಕಣ ಬಂದಿದೆ.

ನೆನ್ನೆ ಮಳವಳ್ಳಿ ಕಡೆಯಿಂದ ಫೋನು,
ಕೆಲಸಕ್ಕೆ ಸೇರಿ ತಿಂಗಳಾಗದ ಹುಡುಗಿ, ದನಿ ಸಣ್ಣಗೆ:
"ಅಕ್ಕ, ಇಪ್ಪತ್ತೆರಡು ಗಂಟೆ ಆಯ್ತು.
ಈ ಮನೇಲಿ ಎರಡಂಕಿ ಹಿಡಿಯೋದೇ ಇಲ್ಲ."

ಗೆರೆ ದಾಟಿಸಿ ಬರಿ, ಎಂದೆ.