ಕಂದಿನಿಂದ ಶುರು

ಬಂಗಾರ ಎಂದು ಚೀಟಿಯಿದ್ದ ಬಾಟಲಿಯನ್ನು
ಮೂರು ವಾರ ಕುಲುಕಿದ್ದೆ.
ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟೆತ್ತರದ
ಪಾರಸಿಕ ಅರಸನ ಕಾವಲಿನವ
ಅದನ್ನೇ ಮೈತುಂಬ ಬಳಿದುಕೊಂಡು ನಿಂತಿದ್ದ
ಮಿಠಾಯಿ ಕಾಗದ ಸುತ್ತಿದ ಹಾಗೆ.

ಲಾಂಗ್‌ಟನ್ನಿನ ಚಾಪೆಲ್ ಹಿಂದಿನ ಹಾಲು, ಗುರುವಾರ ಸಂಜೆ.
ಏಳೆಂಟು ಗಂಡಸರು, ಮೇಜಿನ ಮೇಲೆ ಸತ್ತ ಸಾಮ್ರಾಜ್ಯಗಳು.
ಮಿಸೆಸ್ ಕ್ಲೂಲೋ ಬರುತ್ತಿದ್ದದ್ದು ಯುದ್ಧಕ್ಕಲ್ಲ,
ರೇಡಿಯೇಟರಿಗೆ.
ಮನೆಯದನ್ನು ಹಚ್ಚದೆ ಎರಡು ಚಳಿಗಾಲ ಕಳೆದವಳು.
ಕನ್ನಡಕ ಹಣೆಗೇರಿಸಿ ನನ್ನ ಸಿಪಾಯಿಯನ್ನು
ಮೂಗಿನ ಹತ್ತಿರ ಹಿಡಿದಳು.
"ಕಾಗೆಬಂಗಾರ," ಅಂದಳು.

ಮೂವತ್ತನಾಲ್ಕು ವರ್ಷ ಬಟ್ಟಲುಗಳ ಬಾಯಿಗೆ
ಚಿನ್ನದ ಗೆರೆ ಎಳೆದ ಕೈ ಅದು.
"ನಿಜವಾದದ್ದು ಡಬ್ಬಿಯಿಂದ ಬರುವಾಗ ಕಂದು, ಮರಿ,
ಥೇಟು ಕಾಕಂಬಿ.
ಪುಟಕ್ಕಿಟ್ಟು ತೆಗೆದರೂ ಮಂಕು,
ತಟ್ಟೆಯಂಚಲ್ಲಿ ಒಣಗಿದ ಸಾಸಿವೆ.
ಕಲ್ಲು ಹಿಡಿದು ಉಜ್ಜಿ ಉಜ್ಜಿ ಒಪ್ಪ ಹಾಕಿದ ಮೇಲೆ
ತಾನು ಚಿನ್ನ ಎಂದು ಅದು ಒಪ್ಪಿಕೊಳ್ಳುವುದು.
ಸಂಜೆ ಹೊರಡುವಾಗ ಕೈ ಒರೆಸಿದ ಚಿಂದಿಯನ್ನೂ
ಎಣಿಸಿ ಕಿತ್ತುಕೊಳ್ಳುತ್ತಿದ್ದರು,
ಸುಟ್ಟು ಬೂದಿಯಿಂದ ಗುಲಗಂಜಿ ತೂಕ ವಸೂಲಿಗೆ.
ಉಗುರ ಸಂದಿಯದಷ್ಟೇ ನಮ್ಮದು."

ಬೆರಳಿಂದ ಉಂಗುರ ಕಳಚಲು ಹೋದಳು,
ಗೆಣ್ಣು ಬಿಡಲಿಲ್ಲ.
ಕೈಯನ್ನೇ ದೀಪದ ಕೆಳಗಿಟ್ಟಳು:
ಇದರಲ್ಲಿ ಚಿನ್ನದ ಬಣ್ಣ ಎಷ್ಟಿದೆ, ಲೆಕ್ಕ ಹಾಕು.

ನೋಡಿದೆ. ಕಿಟಕಿಯಿತ್ತು, ಚೌಕಟ್ಟು ಸಮೇತ.
ಅವಳ ತೋಳಿನ ಕಪ್ಪು ಉಣ್ಣೆ ಅರ್ಧ ಉಂಗುರ ನುಂಗಿತ್ತು.
ನನ್ನ ಬಸ್ ಕಂಪನಿಯ ಕೆಂಪು ಜಾಕೀಟು ಒಂದು ಕಡೆ,
ಮೇಜಿನ ಹಸಿರು ಬಟ್ಟೆ ಅಡಿಯಲ್ಲಿ, ಎಳೆಯಷ್ಟು.
ಹಳದಿ ಹುಡುಕಿದೆ.
ಇತ್ತು, ಕತ್ತಲೆ ಮುಗಿದು ಬೆಳಕು ಇನ್ನೂ ಮುಟ್ಟದ
ಒಂದು ಸಣ್ಣ ಗಡಿಯಲ್ಲಿ.

ಬಾಟಲಿ ಮುಚ್ಚಿದೆ.
ಸಿಪಾಯಿಯನ್ನು ಮತ್ತೆ ಕಂದು ಮಾಡಿದೆ, ಕೆಸರಲ್ಲಿ ಹೂತು ತೆಗೆದವನಂತೆ.
ಅದರ ಮೇಲೆ ಕಾವಿ. ಎರಡು ದಿನ ಬಿಟ್ಟು,
ನೀರು ಹೆಚ್ಚಿಸಿ, ಇನ್ನಷ್ಟು ಕಾವಿ.
ಎದೆಯ ಉಬ್ಬಿಗೆ ನಿಂಬೆ ಹಳದಿ, ಬಗಲಿಗೆ ಹೋಗುತ್ತ
ಕಾಲಡಿಯ ಹುಲ್ಲಿನಿಂದ ಸಾಲ ತಂದ ಹಸಿರು.
ಈಟಿಯ ಬುಡದಲ್ಲಿ ಒಂದು ಚಿನ್ನದ ದಾಳಿಂಬೆ, ಸಾಸಿವೆ ಕಾಳಿನ ಗಾತ್ರ,
ಅದಕ್ಕೂ ಒಂದು ಇರುಳು ಒಂದು ಹಗಲು ಕೊಡಬೇಕಾಯಿತು.

ಗುರಾಣಿಯ ಅಂಚು ಮಾತ್ರ ದಕ್ಕಲಿಲ್ಲ.
ದಿನವಿಡೀ ಸ್ಟಿಯರಿಂಗ್ ಹಿಡಿದ ಕೈ,
ಗೆರೆ ಹಾವಾಯಿತು.
"ಕುಂಚ ಓಡಬಾರದು ಕೆಲ್ವಿನ್, ಬಟ್ಟಲು ಓಡಬೇಕು."
ಮೊಣಕೈ ಊರಿಸಿದಳು, ಕಿರುಬೆರಳು ಮೇಜಿಗೆ ತಾಗಿಸಿದಳು,
ಉಸಿರು ಹಿಡಿ ಅಂದಳು.
ಸಿಪಾಯಿ ನಿಂತ ಬೆಂಡಿನ ಬಿರಡೆಯನ್ನು
ಎರಡು ಬೆರಳಲ್ಲಿ ತಿರುಗಿಸಿದಳು, ಒಂದೇ ಸುತ್ತು.
ಆ ಬೆರಳು ಚಹಾದ ಕಪ್ಪಿನ ಕಿವಿ ಹಿಡಿದಾಗ ನಡುಗುವುದನ್ನು
ನಾನು ಪ್ರತಿ ಗುರುವಾರ ಕಂಡಿದ್ದೇನೆ.
ಆಗ ನಡುಗಲಿಲ್ಲ.
ಗೆರೆ ತನ್ನ ಬಾಲವನ್ನು ತಾನೇ ಬಂದು ಸೇರಿತು.

ಬಿಳಿ ಚುಕ್ಕೆ ಕಡೆಗೆ.
ಒಂದೇ, ಕೂದಲ ತುದಿಯಷ್ಟು.
ತಟ್ಟನೆ ಅವನ ಎದೆಯ ಮೇಲೆ
ಎಲ್ಲಿಯದೋ ಒಂದು ಸೂರ್ಯ ಬಿತ್ತು.
ಬಾಟಲಿಯ ಚಿನ್ನ ಅವನಲ್ಲಿ ಒಂದು ಹನಿಯೂ ಇರಲಿಲ್ಲ.

ಮುಂದಿನ ವಾರ ಯುದ್ಧ.
ದಾಳ ಎರಡು ಬಿತ್ತು, ಆಮೇಲೆ ಒಂದು;
ಮೊದಲ ಸುತ್ತಿನಲ್ಲೇ ಹೋದ.
ಎದುರಾಳಿ ವಿಲ್ಫ್ರೆಡ್ ಶಫಲ್‌ಬಾಥಮ್ ಹೆಣವನ್ನು ಎತ್ತಿಡುವಾಗ
ಗುರಾಣಿಗೆ ಬೆರಳು ತಾಗದಂತೆ ಕಾಲಿನಿಂದ ಹಿಡಿದ.
ಅಷ್ಟು ಮರ್ಯಾದೆ.

ಹೊರಡುವಾಗ ಅವಳು ಕೋಟಿನ ಗುಂಡಿ ಹಾಕುತ್ತ
ನನ್ನ ಕುಂಚದ ಚಿಂದಿ ಕೇಳಿದಳು.
ಇದರಲ್ಲಿ ಏನೂ ಇಲ್ಲ ಮಿಸೆಸ್ ಕ್ಲೂಲೋ, ಬರೀ ಮಣ್ಣಿನ ಬಣ್ಣ, ಅಂದೆ.
ಗೊತ್ತು, ಅಂದಳು.
ನಾಲ್ಕು ಮಡಿಕೆ ಮಡಿಸಿ
ಕೈಚೀಲದ ಒಳಜೇಬಿಗೆ ಇಟ್ಟು
ಬಾಗಿಲ ಬಳಿ ನಿಂತ ಕಾವಲುಗಾರನೊಬ್ಬನಿಗೆ,
ನನಗೆ ಕಾಣದವನಿಗೆ,
ಖಾಲಿ ಅಂಗೈ ತೋರಿಸಿ
ಮಳೆಗೆ ಇಳಿದಳು.