ಸಾಚಾಖಾತೆಯಲ್ಲಿ ಸೌಂಡ್ ಚೆಕ್

ಬಂದವರು ನಾಲ್ವರು. ಒಂದು ಕಾಲಕ್ಕೆ ಐವರಿದ್ದರಂತೆ.
ಪೇಯ್ಸ್ಲಿ ಅಂತ ಊರು, ಗ್ಲಾಸ್ಗೋದ ಮಗ್ಗುಲಿಗೆ.
ನಮ್ಮ ಸೀರೆಯಂಚಿನ ಮಾವಿನಕಾಯಿಗೆ
ಅಲ್ಲಿ ತಮ್ಮೂರಿನ ಹೆಸರನ್ನೇ ಇಟ್ಟುಕೊಂಡಿದ್ದಾರೆ
ಎಂದು ಡ್ರಮ್ಮಿನ ಫಿನ್ಲೆ ಹೇಳಿದಾಗ
ಅವ್ವನ ಪೆಟ್ಟಿಗೆಯಿಂದ ಯಾರೋ ಏನೋ ಎತ್ತಿಕೊಂಡಂತಾಗಿ
ವೈರು ಸುತ್ತುತ್ತ ಸುಮ್ಮನಿದ್ದೆ.

ಬ್ಯಾಂಡಿನ ಹೆಸರು ಟ್ಯೂಸ್ಡೇ ಫೆರಿ.
ಎಂಬತ್ತಾರರಲ್ಲಿ ಮೊದಲ ತಟ್ಟೆ, ಐನೂರು ಪ್ರತಿ,
ಕವರು ಅಡುಗೆಮನೆಯ ಮೇಜಿನ ಮೇಲೆ ಕೈಯಾರೆ ಮಡಿಚಿದ್ದು.
ಎರಡನೆಯದು ರೇಡಿಯೋದಲ್ಲಿ ಒಂದೇ ರಾತ್ರಿ ಮೂರು ಸಲ ಬಂತು;
ಆ ರಾತ್ರಿಯನ್ನೇ ಹಾಸಿ ಹೊದ್ದು ಏಳು ವರ್ಷ ಕಳೆದರು.
ಮೂರನೆಯದಕ್ಕೆ ಲಂಡನ್ನಿನ ಕಂಪನಿ ದುಡ್ಡು ಸುರಿಯಿತು,
ಪಿಟೀಲುಗಳ ಹಿಂಡನ್ನೇ ಕರೆಸಿತು,
ಕಡೆಗೆ ತಾನೇ ಮುಳುಗಿತು.
ಆಮೇಲೆ ಹಾಡುವ ಇಷ್‌ಬೆಲ್ ಶಾಲೆಯ ಟೀಚರು,
ಫಿನ್ಲೆ ಟಪಾಲಿನವ.
ಕೀಬೋರ್ಡಿನವನು? ಅಂದೆ.
ಚಹಾಕ್ಕೆ ಇನ್ನಷ್ಟು ಸಕ್ಕರೆ ಕೇಳಿದರು.

ಇವತ್ತು ಲೋವರ್ ಪರೇಲಿನ ಈ ಪಬ್ಬು.
ಇಟ್ಟಿಗೆ ಗೋಡೆ ಹಾಗೇ ಬಿಟ್ಟಿದ್ದಾರೆ, ಚಂದಕ್ಕೆ.
ಗರಗಸದ ಹಲ್ಲಿನಂಥ ಮಾಡು, ಉತ್ತರಕ್ಕೆ ಗಾಜು.
ಬಾರು ಇರುವ ಕಡೆ ನಮ್ಮಪ್ಪನ ನಾಲ್ಕು ಮಗ್ಗ.
ಗುರುಶಾಂತಪ್ಪ ಬಿರಾಜದಾರ, ಸಾಚಾಖಾತೆ, ಎರಡನೇ ಪಾಳಿ.
ಅಕ್ಕಲಕೋಟೆಯ ಕನ್ನಡ, ಮಿಲ್ಲಿನ ಮರಾಠಿ,
ಎರಡನ್ನೂ ದನಿಯಿಲ್ಲದೆ ಆಡುತ್ತಿದ್ದ;
ಆ ಗದ್ದಲದಲ್ಲಿ ಮಾತೆಲ್ಲ ತುಟಿಯಲ್ಲೇ.
ಖೋಲಿಗೆ ಬಂದರೂ ಅದೇ. ಊಟಕ್ಕೆ ಕೂತು
ಬಾಯಿ ಅಗಲಿಸಿ, ಹುಬ್ಬೇರಿಸಿ, ಸದ್ದಿಲ್ಲದೆ ‘ಉಪ್ಪು’ ಅನ್ನುವನು.
ತಿಳಿಯದಿದ್ದರೆ ಮಾತ್ರ ದನಿ:
‘ಬಾಯಿ ನೋಡಲೇ, ಕಿವಿ ತಗೊಂಡು ಏನ್ ಮಾಡ್ತಿ!’
ಎಂಬತ್ತೆರಡರ ಮುಷ್ಕರಕ್ಕೆ ಹೊರಬಂದವನು
ಮತ್ತೆ ಒಳಹೋಗಲಿಲ್ಲ.
ನಾನು ಹೋದೆ, ಸ್ಪೀಕರು ಹೊತ್ತು, ಸರ್ವಿಸ್ ಲಿಫ್ಟಿನಲ್ಲಿ.

ಸಂಜೆ ಐದಕ್ಕೆ ಮಾನಿಟರ್ ಕುಂಯ್ಯೆಂದು ಅರಚತೊಡಗಿತು.
ನನ್ನ ಹುಡುಗ ಘಾಡಿ ಕಿವಿ ಮುಚ್ಚಿಕೊಂಡ.
ವೇದಿಕೆಯಿಂದ ಬಾಸಿನ ಮುರ್ಡೊ ನನ್ನತ್ತ ತಿರುಗಿ
ಬಾಯಿ ಅಗಲಿಸಿದ, ಹುಬ್ಬೇರಿಸಿದ, ದನಿ ತೆಗೆಯಲಿಲ್ಲ.
ಮೂರನೇ ಗುಂಡಿ ಇಳಿಸಿದೆ.
ಅರಚಾಟ ನಿಂತಿತು.
ಮತ್ತೇನೋ ಅಂದ; ಒಂದು ಕೂದಲೆಳೆ ಏರಿಸಿದೆ.
ಹೀಗೇ ಹತ್ತು ನಿಮಿಷ. ಅವನ ಇಂಗ್ಲಿಷು
ದನಿ ತೆಗೆದು ಆಡಿದರೆ ನನಗೆ ಅರ್ಧವೂ ದಕ್ಕುತ್ತಿರಲಿಲ್ಲ.

‘ಅಮ್ಮ ದಾರದ ಗಿರಣಿಯಲ್ಲಿದ್ದಳು,’
ಅಂದ ಆಮೇಲೆ, ಸಿಗರೇಟು ಹುಡುಕುತ್ತ.
ಅಪ್ಪ ನಿಲ್ಲುತ್ತಿದ್ದ ಜಾಗ ತೋರಿಸಿದೆ.
ಬಾಟಲಿಗಳ ಸಾಲು. ನೋಡಿದ.

ರಾತ್ರಿ ಅರವತ್ಮೂರು ಮಂದಿ; ಬಾಗಿಲಿನವನ ಲೆಕ್ಕ.
ಅದರಲ್ಲಿ ಹನ್ನೊಂದು ಜನ ಪ್ರತಿ ಪದ ಬಲ್ಲವರು,
ಎಲ್ಲಿ ಕಲಿತಿದ್ದರೋ, ತಲೆ ನರೆತವರು.
ಮುಲುಂಡದಿಂದ ಬಂದಾಕೆಯೊಬ್ಬಳು
ಬಿರುಕುಬಿಟ್ಟ ಕ್ಯಾಸೆಟ್ ಡಬ್ಬಿಯ ಮೇಲೆ ಸಹಿ ಕೇಳಿದಳು.
ಹಾಡು ಹೇಗಿತ್ತು ಅಂತ ನನ್ನನ್ನು ಕೇಳಬೇಡಿ,
ನಮ್ಮ ದಂಧೆಯವರಿಗೆ ಕಾಣುವುದು ಮುಳ್ಳು:
ಹಸಿರಿನಲ್ಲಿದೆಯೋ, ಕೆಂಪಿಗೆ ಹೋಯಿತೋ.
ಕೊನೆಯ ಹಾಡಿನಲ್ಲಿ ಮಾತ್ರ ಇಷ್‌ಬೆಲ್
ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು
ಒಂದು ಸಾಲನ್ನು ತುಟಿಯಲ್ಲೇ ಹಾಡಿದಳು.
ಅದು ಕೀಬೋರ್ಡಿನವನ ಸಾಲಂತೆ.
ಮುಳ್ಳು ಅಲುಗಲಿಲ್ಲ. ನನಗೆ ತಿಳಿಯಿತು.
ಏನೆಂದು ಯಾರಿಗೂ ಹೇಳಿಲ್ಲ.

ಬಾಡಿಗೆ ಎಂಟು ಸಾವಿರ, ಮುಂಗಡ ಕಳೆದು ಐದು.
ಫಿನ್ಲೆ ನೆನಪಿಗೆಂದು ಒಂದು ಡ್ರಮ್ಮಿನ ಕೋಲು ಕೊಟ್ಟ, ತುದಿ ಮುರಿದದ್ದು.
ಟೆಂಪೋದಲ್ಲಿ ದಾದರ್ ಬರುವ ತನಕ
ಘಾಡಿ ಅದರಲ್ಲಿ ಬೆನ್ನು ತುರಿಸಿಕೊಂಡ.